ಜಪಾನಿಗೆ ಹೊರಟವರ ಮಾತ್ರೆ ಡಬ್ಬ

ಮಗನೋ ಮಗಳೋ ಜಪಾನಿನಲ್ಲಿ ಕೆಲಸಕ್ಕೆ ಸೇರಿ, ತಂದೆ-ತಾಯಿಯನ್ನು ಮೂರು ತಿಂಗಳ ಮಟ್ಟಿಗೆ ಕರೆಸಿಕೊಳ್ಳುವುದು ಈಗ ನಮ್ಮ ಮನೆಗಳಲ್ಲೂ ಇದೆ. ವೀಸಾ ಬಂದ ದಿನದಿಂದ ಸಂಭ್ರಮ. ಸ್ವೆಟರ್ ಖರೀದಿಯಾಗುತ್ತದೆ, ಮಸಾಲೆ ಪುಡಿ ಸಿದ್ಧವಾಗುತ್ತದೆ, ಫೂಜಿ ಪರ್ವತ ನೋಡುವ ದಿನವೂ ನಿಗದಿಯಾಗುತ್ತದೆ. ಆದರೆ ತಂದೆಯ ಬಿ.ಪಿ. ಮಾತ್ರೆಯನ್ನು ಎಷ್ಟು ಕೊಂಡೊಯ್ಯಬಹುದು ಎಂದು ವಿಚಾರಿಸುವವರು ಕಡಿಮೆ. ಪರಿಚಯವಿಲ್ಲದ ದೇಶಕ್ಕೆ ಹೋಗುವ ತಯಾರಿ ಅಲ್ಲಿಂದಲೇ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮವರಿಗೆ ಗಲ್ಫ್ ಪ್ರಯಾಣ ಗೊತ್ತು. ದುಬೈಗೆ ಹೋಗುವವರ ಪೆಟ್ಟಿಗೆಯಲ್ಲಿ ಗಸಗಸೆ ಇರಬಾರದು ಎಂದು ಕರಾವಳಿಯ ಅಜ್ಜಿಯಂದಿರೂ ಹೇಳುತ್ತಾರೆ. ಆದರೆ ಆ ಅನುಭವ ಜಪಾನಿಗೆ ಸಾಲದು. ಗಲ್ಫಿನಲ್ಲಿ ನಮ್ಮ ಭಾಷೆ ಅರ್ಥವಾಗುವ ಯಾರಾದರೂ ಸಿಗುತ್ತಾರೆ, ಊಟ ಹಲಾಲೋ ಎಂದು ಕೇಳುವ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ. ಜಪಾನಿನಲ್ಲಿ ಇವೆರಡೂ ಸುಲಭವಲ್ಲ.

ಮೊದಲು ಔಷಧಿಯ ವಿಷಯ. ಸ್ವಂತ ಬಳಕೆಗೆಂದು ವೈದ್ಯರ ಚೀಟಿಯ ಔಷಧಿಯನ್ನು ಒಂದು ತಿಂಗಳಿಗೆ ಸಾಕಾಗುವಷ್ಟು, ಚೀಟಿಯಿಲ್ಲದೆ ಸಿಗುವುದನ್ನು ಎರಡು ತಿಂಗಳಿಗೆ ಸಾಕಾಗುವಷ್ಟು ಮಾತ್ರ ನೇರವಾಗಿ ಕೊಂಡೊಯ್ಯಬಹುದು. ಅದಕ್ಕಿಂತ ಹೆಚ್ಚಿದ್ದರೆ ‘ಯುನ್ಯು ಕಾಕುನಿನ್‌ಶೋ’ ಎಂಬ ಪತ್ರವನ್ನು ಅಲ್ಲಿನ ಆರೋಗ್ಯ ಇಲಾಖೆಯಿಂದ ಹೊರಡುವ ಮೊದಲೇ ಪಡೆದಿರಬೇಕು. ಮೂರು ತಿಂಗಳ ಸಕ್ಕರೆ ಕಾಯಿಲೆ ಮಾತ್ರೆ ಕೊಂಡೊಯ್ಯುವವರಿಗೆ ಇದು ಬೇಕೇ ಬೇಕು. ನೆಗಡಿ ಮಾತ್ರೆಯೆಂದು ಉದಾಸೀನ ಮಾಡಬೇಡಿ. ಶೇ. 10ಕ್ಕಿಂತ ಹೆಚ್ಚು ಸ್ಯೂಡೋಎಫೆಡ್ರಿನ್ ಇರುವ ಔಷಧಿಗೆ ಮೊದಲೇ ಅನುಮತಿ ಪಡೆಯದಿದ್ದರೆ ಅಲ್ಲಿ ಪ್ರವೇಶವಿಲ್ಲ. ಕೋಡೀನ್ ಇರುವ ಸಿರಪ್, ನಿದ್ದೆ ಮಾತ್ರೆ, ಮಾನಸಿಕ ಕಾಯಿಲೆಯ ಮಾತ್ರೆಗಳಲ್ಲೂ ಕೆಲವಕ್ಕೆ ನಿರ್ಬಂಧವಿದೆ. ಆಂಫೆಟಮಿನ್ ಇರುವ ಔಷಧಿಯನ್ನಂತೂ ವೈದ್ಯರ ಚೀಟಿ ತೋರಿಸಿದರೂ ಬಿಡುವುದಿಲ್ಲ.

ಇಲ್ಲೇ ಒಂದು ಮಾತು ಹೇಳಬೇಕು. ಮಾನಸಿಕ ಕಾಯಿಲೆಯ ಮಾತ್ರೆಯನ್ನು ನಮ್ಮಲ್ಲಿ ಬಚ್ಚಿಟ್ಟು ನುಂಗುತ್ತಾರೆ. ಸೊಸೆಗೆ ಗೊತ್ತಾದೀತು ಎಂದು ಸ್ಟ್ರಿಪ್‌ನಿಂದ ಬಿಡಿಸಿ ಹೆಸರಿಲ್ಲದ ಡಬ್ಬಕ್ಕೆ ಹಾಕುವವರಿದ್ದಾರೆ, ‘ಹೇಗೂ ಮೂರು ತಿಂಗಳು ತಾನೇ’ ಎಂದು ನಿಲ್ಲಿಸಿಬಿಡುವವರೂ ಇದ್ದಾರೆ. ಎರಡೂ ಅಪಾಯ. ಹೆಸರಿಲ್ಲದ ಮಾತ್ರೆ ವಿಮಾನ ನಿಲ್ದಾಣದಲ್ಲಿ ಸಂಶಯಕ್ಕೆ ದಾರಿ. ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು, ಅದೂ ಭಾಷೆ ಬಾರದ ಊರಿನಲ್ಲಿ. ಮಾತ್ರೆ ಅದರ ಸ್ಟ್ರಿಪ್‌ನಲ್ಲೇ ಇರಲಿ, ಔಷಧಿಯ ಮೂಲ ಹೆಸರು ಬರೆದ ಇಂಗ್ಲಿಷ್ ಚೀಟಿ ಜೊತೆಗಿರಲಿ. ಇನ್ಸುಲಿನ್ ಕೈಚೀಲದಲ್ಲೇ ಇರಬೇಕು. ವಿಮಾನದ ಸರಕಿನ ಭಾಗದಲ್ಲಿ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿರುತ್ತದೆ. ಡೋಸ್ ಹೇಗೆ ಹೊಂದಿಸಬೇಕೆಂದು ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ.

ಎರಡನೆಯದು ಶೌಚ. ‘ಅಲ್ಲಿ ಬರೀ ಕಾಗದವಂತೆ’ ಎಂಬ ಚಿಂತೆಯಲ್ಲಿ ನೀರೇ ಕುಡಿಯದೆ ಕೂರುವ ಹಿರಿಯರಿದ್ದಾರೆ. ಮೂತ್ರಕೋಶಕ್ಕೆ ಅದು ಒಳ್ಳೆಯದಲ್ಲ. ನಿಜ ಹೇಳಬೇಕೆಂದರೆ ನೀರಿನ ಶೌಚದಲ್ಲಿ ಜಪಾನಿಗರು ಅನೇಕ ದೇಶಗಳಿಗಿಂತ ಮುಂದೆ. ನೀರು ಚಿಮ್ಮುವ ‘ವಾಶ್‌ಲೆಟ್’ ಅಲ್ಲಿ 1980ರಲ್ಲೇ ಬಂತು. ಈಗ ಹೆಚ್ಚಿನ ಮನೆಗಳಲ್ಲಿ ಅಂಥ ಕಮೋಡ್ ಇದೆ. ತೊಂದರೆ ಏನಿದ್ದರೂ ಗುಂಡಿಗಳದ್ದು. 2017ರಲ್ಲಿ ತಯಾರಕರೆಲ್ಲ ಒಂದೇ ಬಗೆಯ ಚಿತ್ರಗಳಿಗೆ ಒಪ್ಪಿದರೂ ಹಳೆಯವು ಇನ್ನೂ ಬಳಕೆಯಲ್ಲಿವೆ. ನೀರು ಬಿಡುವುದು ಯಾವುದು, ನಿಲ್ಲಿಸುವುದು ಯಾವುದು ಎಂದು ಮೊದಲ ದಿನವೇ ಮಗನಲ್ಲಿ ಕೇಳಿ ತಿಳಿಯಿರಿ, ನಾಚಿಕೆ ಬೇಡ. ನೀರಿಲ್ಲದ ಕಡೆಗೆ ಸಣ್ಣದೊಂದು ಬಾಟಲಿ ಚೀಲದಲ್ಲಿರಲಿ. ಕೈ ಒರೆಸಲು ಟವೆಲ್ಲೂ ಇರಲಿ, ಅಲ್ಲಿಯವರೂ ಇಟ್ಟುಕೊಳ್ಳುತ್ತಾರೆ. ಮನೆಗಳಲ್ಲಿ ಶೌಚಾಲಯಕ್ಕೆ ಬೇರೆ ಚಪ್ಪಲಿ ಇಟ್ಟಿದ್ದರೆ ಅದನ್ನು ಹಾಕಿಕೊಂಡು ಚಾಪೆಯ ಮೇಲೆ ಬರಬಾರದು. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವುಝೂ ವಿಷಯದಲ್ಲಿ ಮಾತ್ರ ನಾವು ಎಚ್ಚರ ವಹಿಸಬೇಕು. ರೈಲು ನಿಲ್ದಾಣದ ಬೇಸಿನ್‌ಗೆ ಕಾಲೆತ್ತಿ ನೆಲವೆಲ್ಲ ಒದ್ದೆ ಮಾಡಿದರೆ ಮುಂದಿನವರು ಜಾರಿ ಬೀಳುತ್ತಾರೆ, ಹೆಸರು ಕೆಡುವುದು ಬೇರೆ. ಮನೆಯಿಂದ ವುಝೂ ಮಾಡಿ ಹೊರಡಿ. ಚರ್ಮದ ಕಾಲುಚೀಲದ ಮೇಲೆ ಮಸಹ್ ಮಾಡುವ ಸೌಲಭ್ಯ ಇರುವುದೇ ಇಂಥ ಸಂದರ್ಭಗಳಿಗೆ. ಅದರ ವಿವರವನ್ನು ನಿಮ್ಮ ಉಸ್ತಾದರಲ್ಲಿ ತಿಳಿದುಕೊಳ್ಳಿ. ನರಿಟಾ, ಹನೇಡಾ, ಕನ್ಸಾಯ್ ವಿಮಾನ ನಿಲ್ದಾಣಗಳಲ್ಲಿ ಪ್ರಾರ್ಥನಾ ಕೊಠಡಿಗಳಿವೆ. 1935ರಲ್ಲಿ ಆರಂಭವಾದ ಕೋಬೆ ಮಸೀದಿಗೆ ಭಾರತದ ವ್ಯಾಪಾರಿಗಳೂ ಹಣ ಕೊಟ್ಟಿದ್ದರು.

ಊಟದಲ್ಲಿ ಹಂದಿ ಮಾಂಸವಷ್ಟೇ ಅಲ್ಲ, ಅಡುಗೆಗೆ ಬಳಸುವ ಸಾಕೆ ಮತ್ತು ಮಿರಿನ್ ಎಂಬ ಮದ್ಯಗಳನ್ನೂ ಕೇಳಿ ತಿಳಿಯಬೇಕು. ಮೀನಿನ ಖಾದ್ಯದಲ್ಲೂ ಅವು ಇರುತ್ತವೆ. ಹಾಗೆಂದು ಊರಿನಿಂದ ಒಣ ಮಾಂಸವೋ ಮಾಂಸದ ಉಪ್ಪಿನಕಾಯಿಯೋ ಕಟ್ಟಿಕೊಂಡು ಹೋಗಬೇಡಿ, ಪ್ರಮಾಣಪತ್ರವಿಲ್ಲದ ಮಾಂಸ ಪದಾರ್ಥಕ್ಕೆ ಅಲ್ಲಿ ನಿಷೇಧವಿದೆ. ಅಡಿಕೆ ಜಗಿಯುವವರು ಅಭ್ಯಾಸವನ್ನು ಇಲ್ಲೇ ಬಿಟ್ಟು ಹೋಗಲಿ. ರಸ್ತೆಯಲ್ಲಿ ಉಗುಳುವುದಿರಲಿ, ಕಸ ಹಾಕಲು ಡಬ್ಬಿಯೂ ಸುಲಭವಾಗಿ ಸಿಗದ ದೇಶ ಅದು.

ಬಿಸಿನೀರ ಬುಗ್ಗೆಗಳಲ್ಲಿ ಬತ್ತಲೆಯಾಗಿ ಒಟ್ಟಿಗೆ ಸ್ನಾನ ಮಾಡುವುದು ಅಲ್ಲಿನ ರೂಢಿ. ಕುಟುಂಬಕ್ಕೆಂದೇ ಗಂಟೆಯ ಲೆಕ್ಕದಲ್ಲಿ ಕೊಡುವ ಪ್ರತ್ಯೇಕ ಸ್ನಾನದ ಕೋಣೆಗಳೂ ಇವೆ, ಮೊದಲೇ ಕಾಯ್ದಿರಿಸಿ.

ಪ್ರವಾಸದ ವಿಮೆ ಮಾಡಿಸುವಾಗ ಬಿ.ಪಿ., ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ. ಆಂಬುಲೆನ್ಸ್‌ಗೆ ಕರೆ ಮಾಡುವ ಸಂಖ್ಯೆ 119. ಮನೆಯ ವಿಳಾಸವನ್ನು ಜಪಾನಿ ಲಿಪಿಯಲ್ಲಿ ಬರೆಸಿ, ರೋಗದ ಹೆಸರು ಮತ್ತು ಮಾತ್ರೆಗಳ ಹೆಸರಿನೊಂದಿಗೆ ತಂದೆಯ ಜೇಬಿನಲ್ಲೊಂದು, ತಾಯಿಯ ಪರ್ಸ್‌ನಲ್ಲೊಂದು ಇಡಿ.