ಆಟದ ಸಂಬಳಪಟ್ಟಿಯೂ ಸಂರಕ್ಷಣ ನಿಯಮವೂ

ಭೌತವಿಜ್ಞಾನದ ನಿಯಮಗಳು ಪ್ರಯೋಗಶಾಲೆಯ ಗೋಡೆಗಳೊಳಗೆ ಮಾತ್ರ ಉಪಯೋಗಕ್ಕೆ ಬರತಕ್ಕವೆಂದು ಅನೇಕ ವಿದ್ಯಾರ್ಥಿಗಳು ಭಾವಿಸಿರುವಂತೆ ಕಾಣುತ್ತದೆ. ಒಳ್ಳೆಯ ನಿಯಮದ ಲಕ್ಷಣವೇನು ಎಂಬ ಪ್ರಶ್ನೆಗೆ ಆಟದ ಬಯಲಿನಲ್ಲಿಯೂ ಉತ್ತರವನ್ನು ಹುಡುಕಬಹುದು. ಬಯಲೇ ಇಲ್ಲದ ಆಟವೊಂದರಲ್ಲಿ ಹುಡುಕಿದರೆ ಆ ಉತ್ತರವು ಇನ್ನಷ್ಟು ಸ್ಪಷ್ಟವಾಗಿ ದೊರೆಯುತ್ತದೆ. ಅಮೆರಿಕದಲ್ಲಿ ಜನಪ್ರಿಯವಾಗಿರುವ ಅನುಕರಣ ಬೇಸ್‌ಬಾಲ್ ಲೀಗುಗಳು ಇಂತಹ ಆಟಗಳು.

ಬೇಸ್‌ಬಾಲ್ ನಮ್ಮ ಕ್ರಿಕೆಟಿನಂತೆಯೇ ಚೆಂಡುದಾಂಡುಗಳ ಆಟ; ಅಂಕಿ ಅಂಶಗಳ ಆಟವೂ ಹೌದು. ಗಣಿತದ ವಿದ್ಯಾರ್ಥಿಯಾಗಿದ್ದ ಹಾಲ್ ರಿಚ್‌ಮನ್ ಎಂಬವರು ಈ ಅಂಕಿಗಳನ್ನೇ ಬಳಸಿಕೊಂಡು 1961ರಲ್ಲಿ ಸ್ಟ್ರಾಟ್-ಓ-ಮ್ಯಾಟಿಕ್ ಎಂಬ ಮೇಜಿನ ಆಟವನ್ನು ಮಾರುಕಟ್ಟೆಗೆ ತಂದರು. ಅದರಲ್ಲಿ ಪ್ರತಿಯೊಬ್ಬ ನಿಜವಾದ ಆಟಗಾರನಿಗೂ ಒಂದೊಂದು ಚೀಟಿ. ಉರುಳಿಸುವ ದಾಳಗಳು ಮೂರು. ಮೊದಲನೆಯದರಲ್ಲಿ 1, 2 ಅಥವಾ 3 ಬಿದ್ದರೆ ದಾಂಡಿಗನ ಚೀಟಿಯನ್ನೂ, 4, 5 ಅಥವಾ 6 ಬಿದ್ದರೆ ಚೆಂಡೆಸೆಯುವವನ ಚೀಟಿಯನ್ನೂ ನೋಡಬೇಕು; ಉಳಿದೆರಡರ ಮೊತ್ತವು ಫಲವನ್ನು ನಿರ್ಧರಿಸುತ್ತದೆ. ಇಂದು ದಾಳಗಳ ಕೆಲಸವನ್ನು ಕಂಪ್ಯೂಟರು ಮಾಡುತ್ತದೆ. ಬೇರೆ ಬೇರೆ ಊರುಗಳಲ್ಲಿರುವ ಜನರು ಅಂತರಜಾಲದ ಮೂಲಕ ಲೀಗು ಕಟ್ಟಿಕೊಂಡು, ತಲಾ ಒಂದು ತಂಡದ ವ್ಯವಸ್ಥಾಪಕರಾಗಿ, ಆಟಗಾರರನ್ನು ಆರಿಸುತ್ತಾರೆ, ಕಾಗದದ ಮೇಲೆ ಸಂಬಳ ಕೊಡುತ್ತಾರೆ, ಪರಸ್ಪರ ವಿನಿಮಯ ಮಾಡಿಕೊಳ್ಳುತ್ತಾರೆ.

ಎಲ್ಲ ಪ್ರತಿಭಾವಂತರೂ ಒಂದೇ ತಂಡವನ್ನು ಸೇರಿಬಿಟ್ಟರೆ ಸ್ಪರ್ಧೆಯಲ್ಲಿ ಸ್ವಾರಸ್ಯವೆಲ್ಲಿ ಉಳಿದೀತು? ಆದುದರಿಂದ ಇಂತಹ ಅನೇಕ ಲೀಗುಗಳು ತಂಡದ ಒಟ್ಟು ಸಂಬಳಕ್ಕೆ ಮಿತಿಯೊಂದನ್ನು ಹಾಕಿಕೊಳ್ಳುತ್ತವೆ. ನಿಜವಾದ ಬೇಸ್‌ಬಾಲಿನಲ್ಲಿ ಈ ಪ್ರಯತ್ನವು ಸುಲಭವಾಗಲಿಲ್ಲ. ತಂಡಗಳ ಒಡೆಯರು ಸಂಬಳಮಿತಿಯನ್ನು ತರಹೊರಟಾಗ ಆಟಗಾರರು 1994ರ ಆಗಸ್ಟಿನಲ್ಲಿ ಮುಷ್ಕರ ಹೂಡಿದರು; ಆ ವರ್ಷದ ವರ್ಲ್ಡ್ ಸೀರೀಸ್ ನಡೆಯಲೇ ಇಲ್ಲ. ಕೊನೆಗೆ ಮಿತಿಯ ಬದಲು, ಗೊತ್ತಾದ ಮೊತ್ತವನ್ನು ಮೀರಿದ ತಂಡಕ್ಕೆ ಸುಂಕ ಹಾಕುವ ಏರ್ಪಾಡು 1997ರಲ್ಲಿ ಬಂದಿತು. ಅದೇ ಏರ್ಪಾಡು ಹೊಸ ರೂಪದಲ್ಲಿ 2003ರಿಂದ ಜಾರಿಯಾದಾಗ ಆ ಮೊತ್ತವು 11 ಕೋಟಿ 70 ಲಕ್ಷ ಡಾಲರಾಗಿತ್ತು. ಸಿರಿವಂತ ತಂಡವು ಸುಂಕ ತೆತ್ತು ಮುಂದೆ ಹೋಗಬಹುದು. ಕಾಗದದ ಹಣದ ಲೀಗಿನಲ್ಲಿ ಸುಂಕಕ್ಕೆ ಅಷ್ಟು ಅರ್ಥವಿಲ್ಲ. ಅಲ್ಲಿ ದಾಟಲಾಗದ ಮಿತಿಯೇ ಬೇಕು.

ಆಟಗಾರರನ್ನು ಮೊದಲು ಹಂಚಿಕೊಳ್ಳುವಾಗ ಈ ಮಿತಿಯನ್ನು ಪಾಲಿಸುವುದು ಕಷ್ಟವಲ್ಲ. ತೊಡಕು ಹುಟ್ಟುವುದು ವಿನಿಮಯದಲ್ಲಿ. ಮಿತಿಯನ್ನು ಯಾವಾಗ ಪರೀಕ್ಷಿಸಬೇಕು? ಯಾವ ಮೊತ್ತವನ್ನು ಲೆಕ್ಕಕ್ಕೆ ಹಿಡಿಯಬೇಕು? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪ್ರತಿಯೊಂದು ವಿನಿಮಯವೂ ಮುಗಿದ ಕ್ಷಣದಲ್ಲಿಯೇ, ಅದರಲ್ಲಿ ಸೇರಿದ ಎಲ್ಲ ತಂಡಗಳನ್ನೂ ಪರೀಕ್ಷಿಸಬೇಕು, ಸಂಬಳದ ಒಂದು ಡಾಲರೂ ಪುಸ್ತಕದಿಂದ ಮಾಯವಾಗಕೂಡದು, ಯಾರಿಗೂ ವಿನಾಯಿತಿ ಇರಕೂಡದು.

ವಾಚಕರು ಕಾಗದ ಪೆನ್ಸಿಲುಗಳನ್ನು ಕೈಗೆತ್ತಿಕೊಳ್ಳಲಿ. ಪ್ರತಿ ತಂಡದ ಮಿತಿ 100 ಎಂದಿಟ್ಟುಕೊಳ್ಳೋಣ. 'ಅ' ತಂಡದ ಸಂಬಳ 98, 'ಬ' ತಂಡದ್ದು 90. 'ಅ' ತಂಡವು 12ರ ಆಟಗಾರನನ್ನು ಕೊಟ್ಟು 20ರ ಆಟಗಾರನನ್ನು ಪಡೆಯುತ್ತದೆ. ಈಗ 'ಅ' 106, 'ಬ' 82. ಒಟ್ಟು ಮೊದಲೂ 188, ಈಗಲೂ 188. ಲೆಕ್ಕ ಸರಿಯಾಗಿದೆ, ಆದರೆ ಮಿತಿ ಮುರಿದಿದೆ. ಇಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳಿರುವುದನ್ನು ಗಮನಿಸಬೇಕು. ಒಟ್ಟು ಮೊತ್ತವು ಬದಲಾಗದಿರುವುದು ಲೆಕ್ಕವು ಪ್ರಾಮಾಣಿಕವೆಂಬುದಕ್ಕೆ ಸಾಕ್ಷಿ. ಪ್ರತಿ ತಂಡವೂ 100ರೊಳಗಿರುವುದು ನ್ಯಾಯಕ್ಕೆ ಸಾಕ್ಷಿ. ಒಂದು ಇನ್ನೊಂದರ ಕೆಲಸವನ್ನು ಮಾಡಲಾರದು.

ವರ್ಷದ ಕೊನೆಯಲ್ಲಿ ಮಾತ್ರ ಪರೀಕ್ಷೆ ನಡೆಯುವುದಾದರೆ, 'ಅ' ತಂಡವು ತನ್ನ 106ರ ಬಲದಿಂದ ಪಂದ್ಯಗಳನ್ನೆಲ್ಲ ಗೆದ್ದು, ಲೆಕ್ಕದ ಹಿಂದಿನ ದಿನ ದುಬಾರಿ ಆಟಗಾರನನ್ನು ಸಾಗಹಾಕಬಹುದು. ಇನ್ನು, ಕೊಟ್ಟ ಸಂಬಳಕ್ಕೆ ಹೆಚ್ಚುಕಡಿಮೆ ಸಮನಾದ ಸಂಬಳವನ್ನು ಪಡೆದರೆ ಸಾಕು ಎನ್ನುವವರಿದ್ದಾರೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಸಂಘವಾದ ಎನ್.ಬಿ.ಎ. 1984ರಲ್ಲಿ ತಂದ ಸಂಬಳಮಿತಿಯು ಇಂತಹ ಸಡಿಲ ಮಿತಿ. ಅದನ್ನು ಮೀರಿದ ತಂಡವೂ ಸಂಬಳ ಹೊಂದಿಸಿ ವಿನಿಮಯ ಮಾಡಬಹುದು. ನಮ್ಮ ಉದಾಹರಣೆಯಲ್ಲಿ ಶೇಕಡ 25ರ ಸಡಿಲ ಕೊಟ್ಟರೆ ಏನಾಗುತ್ತದೆ? 'ಅ' ತಂಡವು 16ರ ಆಟಗಾರನಿಗೆ ಬದಲಾಗಿ 20ರವನನ್ನು, ಅವನಿಗೆ ಬದಲಾಗಿ 25ರವನನ್ನು ಪಡೆದು, ಎರಡೇ ಹೆಜ್ಜೆಗಳಲ್ಲಿ 98ರಿಂದ 107ಕ್ಕೆ ಏರಿಬಿಡುತ್ತದೆ. ಪ್ರತಿ ಹೆಜ್ಜೆಯೂ ನಿಯಮಬದ್ಧ. ಫಲ ಮಾತ್ರ ನಿಯಮಬಾಹಿರ! ಭೌತವಿಜ್ಞಾನಿಯು ಹೇಳುವಂತೆ ಇಲ್ಲಿಯೂ ಪರಿಶೀಲಿಸಬೇಕಾದುದು ನಡೆದುಬಂದ ದಾರಿಯನ್ನಲ್ಲ, ತಲಪಿದ ಸ್ಥಿತಿಯನ್ನು.

ಯಾವ ಮೊತ್ತವನ್ನು ಹಿಡಿಯಬೇಕೆಂಬ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. 2004ರಲ್ಲಿ ಅಲೆಕ್ಸ್ ರೋಡ್ರಿಗೆಸ್ ಎಂಬ ಆಟಗಾರನನ್ನು ಟೆಕ್ಸಾಸ್ ರೇಂಜರ್ಸ್ ತಂಡವು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಕೊಟ್ಟಿತು. ಅವನಿಗೆ ಸಲ್ಲಬೇಕಾಗಿದ್ದ 17 ಕೋಟಿ 90 ಲಕ್ಷ ಡಾಲರುಗಳಲ್ಲಿ 6 ಕೋಟಿ 70 ಲಕ್ಷವನ್ನು ಟೆಕ್ಸಾಸ್ ತಾನೇ ತೆರಲೊಪ್ಪಿತು. ನ್ಯೂಯಾರ್ಕಿನ ಪಾಲಿಗೆ 11 ಕೋಟಿ 20 ಲಕ್ಷ ಉಳಿಯಿತು. ಅನುಕರಣ ಲೀಗಿನಲ್ಲಿ ಇಂತಹ ಒಪ್ಪಂದವಾದರೆ ಪಡೆದವನ ಪಾಲನ್ನು ಮಾತ್ರ ಬರೆದು ಕೊಟ್ಟವನ ಪಾಲನ್ನು ಮರೆತುಬಿಡುವುದುಂಟು. ಆಗ 6 ಕೋಟಿ 70 ಲಕ್ಷವು ಗಾಳಿಯಲ್ಲಿ ಕರಗಿದಂತಾಯಿತು. ಪ್ರಯೋಗದಲ್ಲಿ ಶಕ್ತಿಯ ಲೆಕ್ಕ ಕೂಡದಿದ್ದರೆ ಉಪಕರಣದಲ್ಲಿ ಎಲ್ಲಿಯೋ ಸೋರಿಕೆಯಿದೆಯೆಂದು ನಾವು ಹುಡುಕುವುದಿಲ್ಲವೆ? ಇಲ್ಲಿಯೂ ಹಾಗೆಯೇ.

ಮುಂದೂಡಿದ ಸಂಬಳವೂ ಇಂಥದೇ ಸೋರಿಕೆಯ ದಾರಿ. 2023ರ ಡಿಸೆಂಬರಿನಲ್ಲಿ ಶೊಹೆ ಒಹ್ತಾನಿ ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡದೊಡನೆ 10 ವರ್ಷಗಳಿಗೆ 70 ಕೋಟಿ ಡಾಲರುಗಳ ಕರಾರು ಮಾಡಿಕೊಂಡನು. ಅದರಲ್ಲಿ 68 ಕೋಟಿಯನ್ನು ಆ ಹತ್ತು ವರ್ಷಗಳು ಕಳೆದ ಮೇಲೆ ಪಡೆಯತಕ್ಕದ್ದು. ವರ್ಷಕ್ಕೆ ಕೈಗೆ ಬರುವುದು 20 ಲಕ್ಷವಾದರೂ ಸುಂಕದ ಪುಸ್ತಕದಲ್ಲಿ ಬರೆದುಕೊಂಡದ್ದು ಸುಮಾರು 4 ಕೋಟಿ 60 ಲಕ್ಷ. ಈ ವಿವೇಕವನ್ನು ಅನುಕರಣ ಲೀಗುಗಳು ನಿಜವಾದ ಬೇಸ್‌ಬಾಲಿನಿಂದ ಕಲಿಯಬೇಕು.

ಮಿತಿಯೊಳಗಿನ ವಿನಿಮಯವು ನಮ್ಮ ವಾಚಕರಿಗೂ ಹೊಸದಲ್ಲ. 2023ರ ನವೆಂಬರಿನಲ್ಲಿ ಮುಂಬೈ ಇಂಡಿಯನ್ಸ್ 15 ಕೋಟಿ ರೂಪಾಯಿಗಳ ಹಾರ್ದಿಕ್ ಪಾಂಡ್ಯನನ್ನು ಗುಜರಾತಿನಿಂದ ಕರೆತಂದು, ಹದಿನೇಳೂವರೆ ಕೋಟಿಯ ಕ್ಯಾಮರನ್ ಗ್ರೀನನನ್ನು ಬೆಂಗಳೂರಿನ ತಂಡಕ್ಕೆ ಬಿಟ್ಟುಕೊಟ್ಟಿತು. ಒಬ್ಬನು ಬರಬೇಕಾದರೆ ಇನ್ನೊಬ್ಬನಿಗೆ ಎಲ್ಲಿಯಾದರೂ ಜಾಗವಿರಬೇಕು.

ಇಲ್ಲಿಯೇ ಒಂದು ಬಲವಾದ ಆಕ್ಷೇಪ ಹುಟ್ಟುತ್ತದೆ. ಎಲ್ಲ ತಂಡಗಳೂ ಮಿತಿಯನ್ನು ಮುಟ್ಟಿ ನಿಂತರೆ ವಿನಿಮಯವೇ ಸ್ತಬ್ಧವಾಗುವುದಿಲ್ಲವೆ? ನಿಜ. ಹದಿನೈದು ಬಿಲ್ಲೆಗಳನ್ನು ಸರಿಸುವ ಆಟಿಕೆಯಲ್ಲಿ ಹದಿನಾರನೆಯ ಮನೆ ಖಾಲಿಯಿರುವುದರಿಂದಲೇ ಬಿಲ್ಲೆಗಳು ಚಲಿಸುತ್ತವೆ. ಆದರೆ ಇದಕ್ಕೆ ಪರಿಹಾರವು ಚೌಕಟ್ಟನ್ನು ಒಡೆಯುವುದಲ್ಲ. ಮಿತಿಯನ್ನು ಸ್ವಲ್ಪ ಉದಾರವಾಗಿ, ಪಂದ್ಯಗಳಿಗೆ ಮೊದಲೇ ಗೊತ್ತುಮಾಡಲಿ. ಮೂರು ತಂಡಗಳ ವಿನಿಮಯವನ್ನು ಒಂದೇ ವ್ಯವಹಾರವೆಂದು ಎಣಿಸಲಿ. ಆದರೂ ಕೊನೆಯ ದಿನಗಳ ಕೆಲವು ರೋಮಾಂಚಕ ವಿನಿಮಯಗಳು ಕೈತಪ್ಪಬಹುದು. ಆ ನಷ್ಟವನ್ನು ನಾನು ಒಪ್ಪುತ್ತೇನೆ. ಸಂಬಳಮಿತಿಯು ಬೆಲೆಯನ್ನು ಅಳೆಯುತ್ತದೆಯೇ ಹೊರತು ಪ್ರತಿಭೆಯನ್ನಲ್ಲ. ಅಲ್ಪ ಸಂಬಳದ ಉತ್ತಮ ಆಟಗಾರನನ್ನು ಗೆಳೆಯನಿಗೆ ದಾನಮಾಡುವವನನ್ನು ಅದು ತಡೆಯಲಾರದೆಂಬುದೂ ಸತ್ಯ. ಉಷ್ಣಮಾಪಕವು ತೂಕವನ್ನು ತಿಳಿಸುವುದಿಲ್ಲವೆಂದು ಅದನ್ನು ಎಸೆಯುತ್ತೇವೆಯೆ?

ಹಣವಿಲ್ಲದ ಆಟಕ್ಕೆ ಇಷ್ಟು ಬಿಗಿ ಏಕೆಂದು ಕೇಳಬಹುದು. ಹಣವಿಲ್ಲದಿರುವುದೇ ಅದಕ್ಕೆ ಕಾರಣ. ಇಂತಹ ಲೀಗಿನಲ್ಲಿ ಬಹುಮಾನವಿಲ್ಲ, ಕರಾರಿಲ್ಲ, ನ್ಯಾಯಾಲಯವಿಲ್ಲ. ಪರಸ್ಪರ ಮುಖವನ್ನೇ ಕಾಣದ ಇಪ್ಪತ್ತು ಮೂವತ್ತು ಜನರನ್ನು ಕೂಡಿಸಿ ಹಿಡಿದಿರುವುದು ನಂಬಿಕೆಯೊಂದೇ. ಮಿಗಿಲಾಗಿ, ಲೀಗನ್ನು ನಡೆಸುವ ಕಮಿಷನರನಿಗೆ ಬಹುಮಟ್ಟಿಗೆ ಸ್ವಂತ ತಂಡವೂ ಇರುತ್ತದೆ. ಅವನೇ ಆಟಗಾರ, ಅವನೇ ತೀರ್ಪುಗಾರ. ವಿನಾಯಿತಿ ಕೊಡುವ ಅಧಿಕಾರವು ಅವನ ಕೈಯಲ್ಲಿದ್ದರೆ ಅವನು ಎಷ್ಟೇ ಸಜ್ಜನನಾಗಿರಲಿ, ಸಂಶಯ ತಪ್ಪಿದ್ದಲ್ಲ. ಒಂದು ವಿನಿಮಯ ವಿವಾದವಾಯಿತೆಂದರೆ ಇಬ್ಬರು ಬಿಡುತ್ತಾರೆ, ಆಮೇಲೆ ನಾಲ್ವರು. ಲೀಗು ಸದ್ದಿಲ್ಲದೆ ಸಾಯುತ್ತದೆ.

ಆದುದರಿಂದ, ಇಂತಹ ಲೀಗನ್ನೋ ಕಾಲೇಜಿನ ಗೆಳೆಯರ ಕ್ರಿಕೆಟ್ ಹರಾಜಿನ ಆಟವನ್ನೋ ಕಟ್ಟಹೊರಡುವ ವಿದ್ಯಾರ್ಥಿಗಳು ಮೊದಲನೆಯ ವಿನಿಮಯಕ್ಕೆ ಮುಂಚೆಯೇ ನಿಯಮವನ್ನು ಒಂದು ಪುಟದಲ್ಲಿ ಬರೆದಿಡಲಿ. ಪ್ರತಿ ವಿನಿಮಯದ ಹಿಂದಿನ ಮತ್ತು ಮುಂದಿನ ಮೊತ್ತಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸಲಿ. ಕೂಡುವುದು ಕಳೆಯುವುದು ಬಲ್ಲ ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದಾಗಿರಬೇಕು. ಕಮಿಷನರನ ತಂಡದ ಲೆಕ್ಕವೂ ಆ ಹಾಳೆಯ ಮೇಲೆಯೇ ಇರಬೇಕು.