ಅಕ್ಷರವನ್ನೇ ದಾನವಾಗಿತ್ತ ಶ್ರಾವಕ

ದೇವಪೂಜೆ, ಗುರೂಪಾಸನೆ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ - ಇವು ಜೈನ ಗೃಹಸ್ಥನಿಗೆ ವಿಧಿಸಿದ ಷಟ್ಕರ್ಮಗಳು. ಇವುಗಳಲ್ಲಿ ಕೊನೆಯದಾದ ದಾನವು ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ನಾಲ್ಕು ಬಗೆಯದು. ಶಾಸ್ತ್ರದಾನವೆಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಚಿತ್ರ ಮೂಡುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆ ಮಹಾತಾಯಿ ಹತ್ತನೆಯ ಶತಮಾನದಲ್ಲಿ ಶ್ರುತವನ್ನು ಉಳಿಸಿದಳು. ಆದರೆ ಗ್ರಂಥವನ್ನು ಕೈಗಿತ್ತರೂ ಓದಲು ಬಾರದವನಿಗೆ ಅದರಿಂದೇನು ಫಲ? ಆ ಕೈಗೆ ಮೊದಲು ಅಕ್ಷರವನ್ನು ಕೊಡಬೇಕಲ್ಲವೇ? ಈ ಪ್ರಶ್ನೆಯನ್ನೇ ಬದುಕಾಗಿಸಿಕೊಂಡ ಜೈನ ಗೃಹಸ್ಥರೊಬ್ಬರು ಕನ್ನಡ ನಾಡಿನ ಗಡಿಗೆ ಸಮೀಪದ ಊರಿನಲ್ಲಿಯೇ ಹುಟ್ಟಿದ್ದರು. ಅವರೇ ಕರ್ಮವೀರ ಭಾವುರಾವ್ ಪಾಟೀಲರು. ಮೇ 9 ಅವರ ಪುಣ್ಯಸ್ಮರಣೆಯ ದಿನ.

1887ರ ಸೆಪ್ಟೆಂಬರ್ 22ರಂದು ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ, ದಿಗಂಬರ ಜೈನ ಒಕ್ಕಲುಮನೆತನದಲ್ಲಿ ಅವರ ಜನನವಾಯಿತು. ಬಾಹುಬಲಿ ಬೆಟ್ಟದ ಕ್ಷೇತ್ರದರ್ಶನಕ್ಕೆ ಹೋಗುವ ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿಯ ಶ್ರಾವಕರಿಗೆ ಈ ಊರು ಹೊಸದಲ್ಲ. ಓದಿಗಾಗಿ ಕೊಲ್ಹಾಪುರಕ್ಕೆ ಬಂದ ಹುಡುಗ ಅಲ್ಲಿನ ಜೈನ ವಸತಿಗೃಹವನ್ನು ಸೇರಿದ. ಛತ್ರಪತಿ ಶಾಹು ಮಹಾರಾಜರ ಪ್ರೋತ್ಸಾಹದಿಂದ ಆ ನಗರದಲ್ಲಿ ಒಂದೊಂದು ಸಮಾಜಕ್ಕೂ ವಿದ್ಯಾರ್ಥಿನಿಲಯಗಳು ತೆರೆಯುತ್ತಿದ್ದ ಕಾಲವದು. 1908ರಲ್ಲಿ ಅಸ್ಪೃಶ್ಯ ಮಕ್ಕಳ ವಸತಿಗೃಹದ ಸಮಾರಂಭವೊಂದಕ್ಕೆ ಭಾವುರಾವ್ ಹೋಗಿ ಬಂದರು. ಹಿಂದಿರುಗಿದಾಗ ವ್ಯವಸ್ಥಾಪಕರು ಸ್ನಾನ ಮಾಡಿ ಒಳಗೆ ಬರುವಂತೆ ಅಪ್ಪಣೆಯಿತ್ತರು. ಮನುಷ್ಯರ ನಡುವೆ ಕುಳಿತು ಬಂದುದಕ್ಕೆ ಮೈಲಿಗೆಯೆಲ್ಲಿಯದು ಎಂಬುದು ಆ ತರುಣನ ನಿಲುವು. ಸ್ನಾನ ಮಾಡಲಿಲ್ಲ, ವಸತಿಗೃಹವನ್ನು ಬಿಡಬೇಕಾಯಿತು.

ಇಲ್ಲಿ ಆಗಮವು ಯಾರ ಪಕ್ಷದಲ್ಲಿತ್ತು ಎಂಬುದನ್ನು ನಿಷ್ಠುರವಾಗಿ ಕೇಳಿಕೊಳ್ಳಬೇಕು. ಸಮ್ಯಗ್ದರ್ಶನವನ್ನು ಕೆಡಿಸುವ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳೆರಡೂ ಇವೆ. ಚಾಂಡಾಲನ ದೇಹದಲ್ಲಿ ಹುಟ್ಟಿದವನೂ ಸಮ್ಯಗ್ದರ್ಶನವುಳ್ಳವನಾದರೆ ಬೂದಿ ಮುಚ್ಚಿದ ಕೆಂಡದಂತೆ ಪೂಜ್ಯನೆಂದು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಾರಿದ್ದಾರೆ. ಹೀಗಿರುವಾಗ ಹೊರಗೆ ಹೋದ ತರುಣನೇ ಶಾಸ್ತ್ರದೊಳಗೆ ಉಳಿದನೆಂದು ಹೇಳಿದರೆ ತಪ್ಪಾಗದು.

ಅವರ ಬದುಕಿನ ಇನ್ನೊಂದು ಪರೀಕ್ಷೆ 1914ರಲ್ಲಿ ಎದುರಾಯಿತು. ಕೊಲ್ಹಾಪುರದಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ದಕ್ಷಿಣ ಭಾರತ ಜೈನ ಸಭೆಯ ಹಿರಿಯರಾದ ಅಣ್ಣಾಸಾಹೇಬ ಲಠ್ಠೆಯವರನ್ನು ಆ ಪ್ರಕರಣದಲ್ಲಿ ಸಿಲುಕಿಸುವ ಪ್ರಯತ್ನ ನಡೆಯಿತು. ಲಠ್ಠೆಯವರ ವಿರುದ್ಧ ಸುಳ್ಳು ಹೇಳಿಕೆಗೆ ರುಜು ಹಾಕುವಂತೆ ಭಾವುರಾವ್ ಅವರನ್ನು ಒತ್ತಾಯಿಸಲಾಯಿತು. ಅವರು ಒಪ್ಪಲಿಲ್ಲ. ಸೆರೆವಾಸ, ಹಿಂಸೆಗಳನ್ನು ಅನುಭವಿಸಿದರು. ಹಿಂದೊಮ್ಮೆ ತಮ್ಮನ್ನು ಹೊರಗೆ ಕಳುಹಿಸಿದ ಸಮಾಜದ ಮುಖಂಡರೊಬ್ಬರ ಮಾನ ಅಂದು ಅವರ ಕೈಯಲ್ಲಿತ್ತು. ಸೇಡಿಗೆ ಅವಕಾಶವಿದ್ದರೂ ಮನಸ್ಸು ಅತ್ತ ಹೊರಳಲಿಲ್ಲ. ಸುಳ್ಳು ಬರಹಕ್ಕೆ ಕೈಹಾಕುವ ಕೂಟಲೇಖಕ್ರಿಯೆಯನ್ನು ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದಾಗಿ ಎಣಿಸಿದೆ. ವ್ರತಗಳ ಹೆಸರನ್ನು ಬಾಯಿಪಾಠ ಒಪ್ಪಿಸುವುದು ಸುಲಭ. ಪೊಲೀಸರ ಎದುರು ನಿಂತಾಗ ಅದನ್ನು ಪಾಲಿಸುವುದು ಕಷ್ಟ.

ಮೆಟ್ರಿಕ್ ಪರೀಕ್ಷೆಯನ್ನೂ ದಾಟದ ಭಾವುರಾವ್, ಸಾತಾರೆಯಲ್ಲಿ ಮನೆಪಾಠ ಹೇಳಿದರು. ಕಿರ್ಲೋಸ್ಕರ್ ಕಾರ್ಖಾನೆಯ ನೇಗಿಲುಗಳನ್ನು ಮಾರುತ್ತ ಹಳ್ಳಿಹಳ್ಳಿ ತಿರುಗಿದರು. ಆ ತಿರುಗಾಟದಲ್ಲಿ ರೈತನ ಬಡತನದ ಜೊತೆಗೆ ಅದರ ಬೇರನ್ನೂ ಕಂಡರು. ಆ ಬೇರು ನಿರಕ್ಷರತೆ. 1919ರ ಅಕ್ಟೋಬರ್ 4ರಂದು, ವಿಜಯದಶಮಿಯ ದಿನ, ಸಾತಾರಾ ಜಿಲ್ಲೆಯ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರೆಯಲ್ಲಿ ವಸತಿಗೃಹ ಆರಂಭವಾಯಿತು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ಅದಕ್ಕೆ ಶಾಹು ಮಹಾರಾಜರ ಹೆಸರಿಟ್ಟರು. ಎಲ್ಲ ಜಾತಿಯ, ಎಲ್ಲ ಮತದ ಮಕ್ಕಳು ಅಲ್ಲಿ ಒಟ್ಟಿಗೆ ನೀರು ಸೇದಿದರು, ಒಟ್ಟಿಗೆ ಅಡುಗೆ ಮಾಡಿದರು, ಒಂದೇ ಪಂಕ್ತಿಯಲ್ಲಿ ಉಂಡರು. ದುಡಿದು ಓದುವುದು ಅಲ್ಲಿನ ನಿಯಮ. ಪುಕ್ಕಟೆ ಪಡೆದವನ ತಲೆ ತಗ್ಗುತ್ತದೆ, ಬೆವರು ಸುರಿಸಿ ಪಡೆದವನ ತಲೆ ಎತ್ತಿರುತ್ತದೆ ಎಂಬ ಸೂಕ್ಷ್ಮವನ್ನು ಅವರು ಅರಿತಿದ್ದರು.

ಈ ಕಥೆಯಲ್ಲಿ ಲಕ್ಷ್ಮೀಬಾಯಿಯವರನ್ನು ಮರೆತರೆ ಕೃತಘ್ನತೆಯಾದೀತು. ಸಂಪನ್ನ ಮನೆತನದಿಂದ ಮೈತುಂಬ ಒಡವೆ ಧರಿಸಿ ಬಂದ ಸೊಸೆ ಆಕೆ. ಮಡಿ ಆಚಾರಗಳಲ್ಲಿ ಬೆಳೆದವರು. ಗಂಡ ಕರೆತಂದ ಮಕ್ಕಳ ಜಾತಿಯನ್ನು ಮೊದಮೊದಲು ಮನಸ್ಸು ಕೇಳಿರಬಹುದು. ಕ್ರಮೇಣ ಆ ಮಕ್ಕಳ ಹಸಿವೊಂದೇ ಆ ತಾಯಿಗೆ ಕಾಣತೊಡಗಿತು. ಒಡವೆಗಳು ಒಂದೊಂದಾಗಿ ಧಾನ್ಯವಾದವು. ಭಾವುರಾವ್ ಊರಲ್ಲಿಲ್ಲದ ಒಂದು ದಿನ ವಸತಿಗೃಹದಲ್ಲಿ ಕಾಳು ಮುಗಿದಾಗ, ಕೊನೆಗೆ ಉಳಿದಿದ್ದ ಮಂಗಳಸೂತ್ರವನ್ನೂ ಮಕ್ಕಳ ಊಟಕ್ಕಾಗಿ ಕೊಟ್ಟರು. 1930ರಲ್ಲಿ ಆಕೆ ತೀರಿಕೊಂಡರು. ನಿರ್ವಿಚಿಕಿತ್ಸೆ, ವಾತ್ಸಲ್ಯ ಎಂಬ ಸಮ್ಯಗ್ದರ್ಶನದ ಅಂಗಗಳನ್ನು ಪ್ರವಚನದಲ್ಲಿ ವಿವರಿಸುವವರು ಪುರಾಣದ ಉದಾಹರಣೆಗಳ ಜೊತೆಗೆ ಈ ಗೃಹಿಣಿಯ ಹೆಸರನ್ನೂ ಹೇಳಬೇಕು.

ಮುಂದಿನದು ಬೆಳವಣಿಗೆಯ ಕಥೆ. 1935ರಲ್ಲಿ ಶಿಕ್ಷಕರ ತರಬೇತಿ ಕಾಲೇಜು, 1940ರಲ್ಲಿ ಮಹಾರಾಜ ಸಯಾಜಿರಾವ್ ಹೈಸ್ಕೂಲು, 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು, 1954ರಲ್ಲಿ ಕರಾಡದಲ್ಲಿ ಗಾಡ್ಗೆ ಮಹಾರಾಜರ ಹೆಸರಿನ ಕಾಲೇಜು. ಶಾಹು, ಸಯಾಜಿರಾವ್, ಶಿವಾಜಿ, ಗಾಡ್ಗೆ ಮಹಾರಾಜ - ಈ ಹೆಸರುಗಳ ಸಾಲಿನಲ್ಲಿ ಭಾವುರಾವ್ ಎಂಬ ಹೆಸರಿಲ್ಲ. ದಾನದ ಕಲ್ಲಿನ ಮೇಲೆ ದಾನಿಯ ಹೆಸರು ದೇವರ ಹೆಸರಿಗಿಂತ ದೊಡ್ಡದಾಗಿ ಕೆತ್ತಿಸಿಕೊಳ್ಳುವ ಕಾಲದಲ್ಲಿ ಇದನ್ನು ಗಮನಿಸಬೇಕು. 1959ರಲ್ಲಿ ಪದ್ಮಭೂಷಣ ಬಂತು. ಮೆಟ್ರಿಕ್ ಮುಟ್ಟದ ಅವರಿಗೆ ಪುಣೆ ವಿಶ್ವವಿದ್ಯಾಲಯ ಗೌರವ ಡಿ.ಲಿಟ್. ನೀಡಿತು. ಅದೇ ವರ್ಷದ ಮೇ 9ರಂದು ದೇಹ ಬಿಟ್ಟರು. ಸಂಸ್ಥೆಯ ಲಾಂಛನ ಆಲದ ಮರ. ಇಂದು ಅದರ ಶಾಖೆಗಳು 700ಕ್ಕೂ ಹೆಚ್ಚು.

ಭಾವುರಾವ್ ಧರ್ಮಪ್ರಚಾರ ಮಾಡಲಿಲ್ಲ, ಬಸದಿ ಕಟ್ಟಿಸಲಿಲ್ಲ. ಅವರನ್ನು ಸಮಾಜಸುಧಾರಕರೆನ್ನಬಹುದು, ಧಾರ್ಮಿಕರೆನ್ನುವುದು ಹೇಗೆ ಎಂದು ಆಕ್ಷೇಪಿಸುವವರಿದ್ದಾರೆ. ಅಜ್ಞಾನದ ಕತ್ತಲನ್ನು ತಕ್ಕ ರೀತಿಯಲ್ಲಿ ನೀಗಿಸಿ ಜಿನಶಾಸನದ ಹಿರಿಮೆಯನ್ನು ಬೆಳಗಿಸುವುದೇ ಪ್ರಭಾವನೆಯೆಂದು ಸಮಂತಭದ್ರರು ಹೇಳಿದ್ದಾರೆ. ಆಚಾರ್ಯರು ಹೇಳುವ ಅಜ್ಞಾನ ಕೇವಲ ನಿರಕ್ಷರತೆಯಲ್ಲ, ನಿಜ. ಆದರೆ ಅಕ್ಷರದ ಹೊಸ್ತಿಲನ್ನೇ ದಾಟದವನು ಸ್ವಾಧ್ಯಾಯದ ಗರ್ಭಗುಡಿಯನ್ನು ಸೇರುವುದು ಹೇಗೆ? ಉಮಾಸ್ವಾಮಿಗಳು ಇನ್ನೂ ಮುಂದೆ ಹೋಗಿ ಎಚ್ಚರಿಸುತ್ತಾರೆ: ತಿಳಿದುದನ್ನು ಮರೆಮಾಚುವುದು, ಇನ್ನೊಬ್ಬನು ಕಲಿತಾನೆಂದು ಮತ್ಸರಪಡುವುದು, ಕಲಿಕೆಗೆ ಅಡ್ಡಿಯೊಡ್ಡುವುದು - ಇವೆಲ್ಲ ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣ. ಒಂದು ಮಗುವಿನ ಓದಿಗೆ ಅಡ್ಡ ನಿಂತವನು ತನ್ನ ಆತ್ಮದ ಮೇಲೆಯೇ ತೆರೆಯೆಳೆದುಕೊಳ್ಳುತ್ತಾನೆ. ಆ ಅಡ್ಡಿಯನ್ನು ಸರಿಸಿದವನಿಗೆ ಧಾರ್ಮಿಕನೆಂಬ ಹೆಸರನ್ನು ನಿರಾಕರಿಸಲು ಯಾರಿಗೂ ಅಧಿಕಾರವಿಲ್ಲ.

ದಕ್ಷಿಣ ಭಾರತ ಜೈನ ಸಭೆ 1899ರಲ್ಲಿ ಹುಟ್ಟಿದ್ದು ಕರ್ನಾಟಕದ ಸ್ತವನಿಧಿಯಲ್ಲಿ. ಈ ಭಾಗದ ಹಿರಿಯರು ವಿದ್ಯಾರ್ಥಿನಿಲಯಗಳನ್ನು ಕಟ್ಟಿ ಅನೇಕ ಬಡ ಶ್ರಾವಕ ಮಕ್ಕಳಿಗೆ ದಾರಿ ತೋರಿದರು. ಆ ಋಣ ದೊಡ್ಡದು. ಆದರೆ ತನ್ನವರಿಗೆ ತೆರೆದ ಬಾಗಿಲು ಪರರಿಗೆ ಮುಚ್ಚಿರಬೇಕೆಂದು ಯಾವ ಆಗಮವೂ ಹೇಳಿಲ್ಲ. ಜೀವಗಳು ಪರಸ್ಪರ ಉಪಕಾರಕ್ಕಾಗಿ ಇವೆ ಎಂಬ ಸೂತ್ರ ಜೈನ ಲಾಂಛನದ ಕೆಳಗೇ ಇದೆ. ಅದರಲ್ಲಿ 'ಜೈನ ಜೀವಗಳು' ಎಂಬ ಮಾತಿಲ್ಲ.

ಇನ್ನು ಕೆಲವೇ ದಿನಗಳಲ್ಲಿ ಶಾಲೆಗಳು ತೆರೆಯುತ್ತವೆ. ಶುಲ್ಕ ಕಟ್ಟಲಾಗದೆ, ಪುಸ್ತಕ ಕೊಳ್ಳಲಾಗದೆ ನಿಲ್ಲುವ ಮಕ್ಕಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಪಂಚಕಲ್ಯಾಣ, ಆರಾಧನೆ, ವಿಧಾನಗಳು ವೈಭವದಿಂದ ನಡೆಯಲಿ. ಅವುಗಳ ಮಂಟಪದ ಖರ್ಚಿನಲ್ಲಿ ಒಂದು ಪಾಲು ಆ ಮಕ್ಕಳಿಗೂ ಸಲ್ಲಲಿ. ಬಸದಿಯೊಂದು ವರ್ಷಕ್ಕೆ ಒಂದೇ ಮಗುವಿನ ಓದಿನ ಹೊಣೆ ಹೊತ್ತರೂ ಸಾಕು. ಆ ಮಗುವಿನ ಜಾತಿ ಕೇಳದಿದ್ದರೆ ಇನ್ನೂ ಲೇಸು. ನಿವೃತ್ತ ಶಿಕ್ಷಕರು, ಅಂಚೆ, ಬ್ಯಾಂಕುಗಳಲ್ಲಿ ದುಡಿದು ಮನೆಯಲ್ಲಿರುವ ಶ್ರಾವಕರು ಸಂಜೆಯ ಒಂದು ಗಂಟೆಯನ್ನು ಬಸದಿಯ ಜಗಲಿಯಲ್ಲಿ ಮಕ್ಕಳ ಪಾಠಕ್ಕೆ ಮೀಸಲಿಟ್ಟರೆ ಅದಕ್ಕೆ ಹಣವೂ ಬೇಕಿಲ್ಲ. ಭಾವುರಾವ್ ಅವರ ಭಾವಚಿತ್ರಕ್ಕೆ ಹಾಕಿದ ಹಾರ ಮರುದಿನವೇ ಬಾಡುತ್ತದೆ. ಒಂದು ಮಗುವಿನ ಕೈಗೆ ಕೊಟ್ಟ ಅಕ್ಷರ ಬಾಡುವುದಿಲ್ಲ. ಕ್ಷಯವಿಲ್ಲದ್ದೆಂಬುದೇ ಆ ಪದದ ಅರ್ಥ.