ಹಿತ್ತಲ ಕೋಳಿಯ ಕಾವಲು

"ಒಂದೇ ರಾತ್ರಿ ಎಲ್ಲವನ್ನೂ ಕೊಂದು ಹಾಕಿದೆ, ತಿಂದದ್ದು ಮಾತ್ರ ಒಂದನ್ನು." ಬೆಂಗಳೂರು, ಮೈಸೂರುಗಳ ಅಂಚಿನ ಬಡಾವಣೆಗಳಲ್ಲಿ ನಾಲ್ಕಾರು ಕೋಳಿ ಸಾಕಿಕೊಂಡವರಿಂದ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ನಷ್ಟಕ್ಕಿಂತ ಹೆಚ್ಚಾಗಿ ಅವರನ್ನು ಕಾಡುವುದು ಅದರ ಅನ್ಯಾಯ. ಹಸಿವಿಗೆ ಒಂದು ಸಾಕಿತ್ತಲ್ಲ, ಉಳಿದವನ್ನೇಕೆ ಕೊಲ್ಲಬೇಕಿತ್ತು? ಮರುದಿನವೇ ಉರುಳು, ವಿಷಗಳ ಮಾತು ಶುರುವಾಗುತ್ತದೆ.

ಪ್ರಾಣಿಶಾಸ್ತ್ರಜ್ಞ ಹಾನ್ಸ್ ಕ್ರೂಕ್ ಇದೇ ಪ್ರಶ್ನೆಯನ್ನೆತ್ತಿಕೊಂಡು 1972ರಲ್ಲಿ ಒಂದು ಪ್ರಬಂಧ ಬರೆದರು. ಇಂಗ್ಲೆಂಡಿನ ಕರಾವಳಿಯಲ್ಲಿ ನೆಲದ ಮೇಲೆ ಗೂಡು ಮಾಡುವ ಕಡಲಹಕ್ಕಿಗಳನ್ನು ನರಿಗಳು ಕಗ್ಗತ್ತಲ ರಾತ್ರಿಗಳಲ್ಲಿ ಸಾಲುಸಾಲಾಗಿ ಕೊಂದು, ತಿನ್ನದೆ ಬಿಟ್ಟುಹೋಗುತ್ತಿದ್ದುದನ್ನು ಅವರು ಗಮನಿಸಿದ್ದರು. ಬೇಟೆಯಾಡುವ ಪ್ರಾಣಿಗೆ ಹೊಟ್ಟೆ ತುಂಬಿದ ಮಾತ್ರಕ್ಕೆ ಕೊಲ್ಲುವ ಪ್ರವೃತ್ತಿ ಅಡಗುವುದಿಲ್ಲ. ಸಾಮಾನ್ಯವಾಗಿ ಅದಕ್ಕೆ ತಡೆಯಾಗುವುದು ಬೇಟೆಯ ಓಟ. ಒಂದನ್ನು ಹಿಡಿಯುವಷ್ಟರಲ್ಲಿ ಮಿಕ್ಕವು ಚದುರಿಹೋಗಿರುತ್ತವೆ. ಆ ಕತ್ತಲಲ್ಲಿ ಹಕ್ಕಿಗಳು ಕದಲದೆ ಕೂತಿದ್ದವು, ನರಿಯನ್ನು ತಡೆಯುವಂಥದ್ದು ಏನೂ ಇರಲಿಲ್ಲ.

ನಮ್ಮ ಕೋಳಿಗೂಡಿನಲ್ಲಿ ನಡೆಯುವುದೂ ಇದೇ. ಕೋಳಿಗೆ ಇರುಳಲ್ಲಿ ಕಣ್ಣು ಸರಿಯಾಗಿ ಕಾಣದು. ಅದರ ಮೂಲಪುರುಷನಾದ ಕೆಂಪು ಕಾಡುಕೋಳಿ ಕತ್ತಲಾಗುವ ಮೊದಲೇ ಮರವೇರಿ ಕೂರುತ್ತದೆ. ನಾವು ಅದನ್ನು ನೆಲಕ್ಕಿಳಿಸಿದೆವು, ಗಿರಿರಾಜದಂಥ ತೂಕದ ತಳಿಗಳಲ್ಲಿ ಹಾರುವ ಶಕ್ತಿಯನ್ನೂ ಕುಗ್ಗಿಸಿದೆವು, ರಾತ್ರಿ ಬಾಗಿಲು ಹಾಕಿದೆವು. ಓಡಲು ದಾರಿಯೇ ಇಲ್ಲದ ಆ ಜಾಗಕ್ಕೆ ಕಬ್ಬೆಕ್ಕೊಂದು ನುಸುಳಿದರೆ ಆಗುವುದನ್ನು ಕ್ರೌರ್ಯವೆಂದು ಕರೆಯುವುದು ಸರಿಯಲ್ಲ. ಹೊಣೆ ಗೂಡು ಕಟ್ಟಿದವರದು. ಕೋಳಿ ಕಳೆದುಕೊಂಡವರಿಗೆ ಈ ಮಾತು ಕಟುವೆನಿಸೀತು. ಆದರೆ ಪರಿಹಾರ ಇರುವುದೂ ಅಲ್ಲೇ.

ಹಗಲಿನ ಕಥೆ ಬೇರೆ. ಹಗಲಲ್ಲಿ ಕೋಳಿ ತನ್ನ ಕಾವಲನ್ನು ತಾನೇ ಮಾಡಿಕೊಳ್ಳುತ್ತದೆ, ಅದೂ ಬಹಳ ಜಾಣತನದಿಂದ. ಕ್ರಿಸ್ಟೋಫರ್ ಇವಾನ್ಸ್, ಪೀಟರ್ ಮಾರ್ಲರ್ ಮೊದಲಾದವರು 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಮೇಲೆ ಹಾರುವ ಹಕ್ಕಿಯನ್ನು ಕಂಡಾಗ ಹುಂಜ ಕೂಗುವ ಎಚ್ಚರಿಕೆಯೇ ಬೇರೆ, ನೆಲದ ಮೇಲೆ ಬರುವ ಪ್ರಾಣಿಗೆ ಕೂಗುವುದೇ ಬೇರೆ. ಶತ್ರು ಯಾವುದೂ ಎದುರಿಲ್ಲದಾಗ ಆ ಕೂಗನ್ನಷ್ಟೇ ಕೇಳಿಸಿದರೂ ಹೇಂಟೆಗಳು ಮೊದಲನೆಯದಕ್ಕೆ ಮರೆಗೆ ಓಡಿದವು, ಇಲ್ಲವೇ ಮುದುಡಿ ಮೇಲೆ ನೋಡಿದವು. ಎರಡನೆಯದಕ್ಕೆ ಕತ್ತು ನೀಳ ಮಾಡಿ ಸುತ್ತ ನೋಡಿದವು. ಮರಿಗಳಿರುವ ಹೇಂಟೆಯನ್ನು ಹದ್ದು ಸುತ್ತುವ ಹೊತ್ತಿನಲ್ಲಿ ನೋಡಿದ ಹಳ್ಳಿಯವರಿಗೆ ಇದು ಹೊಸದೇನಲ್ಲ.

ಆದರೆ ಓಡಿ ಅಡಗಲು ಮರೆ ಬೇಕಲ್ಲ? ನಗರದ ಹಿತ್ತಲಿಗೆ ಟೈಲ್ಸ್ ಹಾಕಿಸಿ, ಪೊದೆಯೆಲ್ಲ ಕಿತ್ತು, ಸದ್ದಾಗುತ್ತದೆಂದು ಹುಂಜವನ್ನೂ ಕಳಿಸಿಬಿಟ್ಟರೆ ಕೂಗುವವನೂ ಇಲ್ಲ, ಅಡಗುವ ಜಾಗವೂ ಇಲ್ಲ. ಮಾಂಸದಂಗಡಿಯ ಕಸ ಬೀಳುವ ಕಡೆ ಹದ್ದುಗಳು ಗುಂಪುಗೂಡುತ್ತವೆ, ಗಿಡುಗ ಮರದಿಂದ ಮರಕ್ಕೆ ಹೊಂಚುತ್ತದೆ. ಒಂದು ದಾಸವಾಳದ ಪೊದೆ, ಬಾಳೆಯ ಗುಂಪು, ಇಟ್ಟಿಗೆಯ ಮೇಲೆ ಓರೆಯಾಗಿಟ್ಟ ಹಳೆಯ ಮಂಕರಿ ಇದ್ದರೂ ಸಾಕು, ಮರಿಗಳು ಬದುಕಿಕೊಳ್ಳುತ್ತವೆ. ನೆರೆಯವರು ಒಪ್ಪಿದರೆ ಹುಂಜವನ್ನು ಖಂಡಿತ ಉಳಿಸಿಕೊಳ್ಳಿ.

ಹಗಲಲ್ಲಿ ಬರುವ ನೆಲದ ಶತ್ರುಗಳೆಂದರೆ ಮುಂಗುಸಿ ಮತ್ತು ಬೀದಿನಾಯಿ. ಚಿಪ್ಪೂ ಉಳಿಯದಂತೆ ಮೊಟ್ಟೆ ಮಾಯವಾಗುತ್ತಿದ್ದರೆ ಹಾವನ್ನು ಶಂಕಿಸಬಹುದು. ಹಾವು ಬರುವುದು ಹೆಚ್ಚಾಗಿ ಇಲಿ, ಹೆಗ್ಗಣಗಳ ಬೆನ್ನು ಹಿಡಿದು, ಹೆಗ್ಗಣ ಬರುವುದು ಚೆಲ್ಲಿದ ಕಾಳಿಗೆ. ಸಂಜೆ ಕಾಳು ಗುಡಿಸಿ ಡಬ್ಬಕ್ಕೆ ಹಾಕುವುದೇ ಅರ್ಧ ಕಾವಲು.

ವಿಷದ ಬಗ್ಗೆ ಎರಡು ಮಾತಿಲ್ಲ, ಅದು ಬೇಡವೇ ಬೇಡ. ವಿಷ ಬೆರೆಸಿದ ಮಾಂಸದ ತುಂಡನ್ನು ಯಾರು ತಿನ್ನುತ್ತಾರೆಂದು ಇಟ್ಟವರಿಗೆ ಗೊತ್ತಿರುವುದಿಲ್ಲ. ಹದ್ದು ತಿನ್ನಬಹುದು, ಪಕ್ಕದ ಮನೆಯ ಬೆಕ್ಕು ತಿನ್ನಬಹುದು, ಆಡುವ ಮಗು ಕೈಗೆತ್ತಿಕೊಳ್ಳಬಹುದು. ಮುಂಗುಸಿಗೂ ಕಬ್ಬೆಕ್ಕಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅವನ್ನು ಕೊಲ್ಲುವುದೂ ಉರುಳಿಗೆ ಕೆಡಹುವುದೂ ಅಪರಾಧ. ಒಂದು ಮುಂಗುಸಿ ಹೋದರೆ ಆ ಜಾಗಕ್ಕೆ ಇನ್ನೊಂದು ಬಾರದೆ ಇರುವುದೂ ಇಲ್ಲ.

ಹಣ ಹಾಕಬೇಕಾದದ್ದು ಗೂಡಿಗೆ. ಅಂಗಡಿಯಲ್ಲಿ ಕೋಳಿಜಾಲರಿ ಎಂದು ಕೊಡುವ ಆರು ಮೂಲೆಯ ಕಣ್ಣಿನ ತೆಳು ತಂತಿ ಕೋಳಿ ಹೊರಹೋಗದಂತೆ ನೋಡಿಕೊಳ್ಳುತ್ತದೆ, ನಾಯಿಯ ಹಲ್ಲಿಗೆ ಅದು ಲೆಕ್ಕಕ್ಕಿಲ್ಲ. ಅರ್ಧ ಇಂಚು ಕಣ್ಣಿನ ಗಟ್ಟಿ ವೆಲ್ಡ್ ಮೆಶ್ ತನ್ನಿ. ಅದನ್ನು ಒಂದಡಿ ನೆಲದೊಳಕ್ಕೆ ಇಳಿಸಿ, ತುದಿಯನ್ನು ಹೊರಮುಖವಾಗಿ ಬಗ್ಗಿಸಿದರೆ ಅಗೆಯಲು ಬಂದದ್ದು ತಂತಿಗೆ ಉಗುರು ತಾಗಿಸಿ ಹಿಂದಿರುಗುತ್ತದೆ. ಮಾಡಿಗೂ ಗೋಡೆಗೂ ನಡುವಿನ ಸಂದನ್ನು ಮರೆಯಬೇಡಿ, ಕಬ್ಬೆಕ್ಕು ಮರ ಹತ್ತುವ ಪ್ರಾಣಿ. ಒಳಗೆ ಎತ್ತರದಲ್ಲಿ ಕೂರಲು ಒಂದು ಗಳ ಕಟ್ಟಿ, ಬಾಗಿಲಿಗೆ ಭದ್ರವಾದ ಚಿಲಕ ಹಾಕಿಸಿ.

ಇವತ್ತು ಸಂಜೆ ನಿಮ್ಮ ಗೂಡಿನ ಜಾಲರಿಯ ಕಣ್ಣಿಗೆ ಹೆಬ್ಬೆರಳು ತೂರಿಸಿ ನೋಡಿ. ಸಲೀಸಾಗಿ ತೂರಿದರೆ ಈ ವಾರವೇ ಜಾಲರಿ ಬದಲಿಸಿ.